ಹೇಳಿ ಬರೆಸುತ್ತಿದ್ದ ಸಾಲೋಟಗಿ ಅಕ್ಕ

ಮುದ್ದೇಬಿಹಾಳದಿಂದ ಫೋನು ಬಂದಾಗ ನಾನು ಸಿಂದಗಿಯ ನಮ್ಮ ಕಾಲೇಜಿನಲ್ಲಿ ಬಿ.ಕಾಂ. ಹುಡುಗರಿಗೆ ಯಂತ್ರದ ಸವಕಳಿಯ ಲೆಕ್ಕ ಬಿಡಿಸಿ ತೋರಿಸುತ್ತಿದ್ದೆ. ಪಾಠದ ನಡುವೆ ಫೋನು ಎತ್ತುವ ರೂಢಿ ನನಗಿಲ್ಲ. ಅಂದು ಗೆಳತಿಯ ಹೆಸರು ನೋಡಿ ಕೈ ತಾನಾಗಿ ಹೋಯಿತು. ಅವಳು ಒಂದೇ ಮಾತು ಹೇಳಿದಳು: "ಅಕ್ಕ ಹೋದ್ಳು." ಯಾವ ಅಕ್ಕ ಎಂದು ನಾನು ಕೇಳಲಿಲ್ಲ. ನಮ್ಮಿಬ್ಬರಿಗೂ ಅಕ್ಕ ಎಂದರೆ ಒಬ್ಬಳೇ. ಉಳಿದದ್ದನ್ನು ನಾಳೆ ನೋಡೋಣ ಎಂದು ಹುಡುಗರಿಗೆ ಹೇಳಿ ಸ್ಟಾಫ್ ರೂಮಿಗೆ ಬಂದು ಕೂತೆ. ಅಳು ಬರಲಿಲ್ಲ. ಇಂಡಿಗೆ ಬಸ್ಸು ಎಷ್ಟು ಹೊತ್ತಿಗಿದೆ, ಅಲ್ಲಿಂದ ಅಕ್ಕನ ಊರು ಸಾಲೋಟಗಿಗೆ ಏನು ಸಿಗುತ್ತದೆ ಎಂಬುದಷ್ಟೇ ತಲೆಯಲ್ಲಿ ಓಡುತ್ತಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕ ಮೇಲೆ, ತೊಗರಿ ಹೊಲಗಳು ಹಿಂದೆ ಸರಿಯತೊಡಗಿದ ಮೇಲೆ, ಆಕೆಯ ದನಿ ಕಿವಿಯಲ್ಲಿ ಕೇಳಿಸಿತು. "ಓದು. ಲಗೂ ಓದಬ್ಯಾಡ. ಅಂಕಿ ಬಂದಲ್ಲಿ ನಿಂದ್ರು."

ವಿಜಯಪುರದ ವಿಶ್ವವಿದ್ಯಾಲಯದಲ್ಲಿ ಅಕ್ಕ, ನಾನು ಇಬ್ಬರೂ ಎಂ.ಕಾಂ. ಓದಿದವರು, ಒಂದೇ ಕೋಣೆಯಲ್ಲಿದ್ದವರು. ನಮ್ಮ ಹಾಸ್ಟೆಲಿನಲ್ಲಿ ಹೆಸರಿಗಿಂತ ಊರು ಹೆಚ್ಚು ಚಾಲ್ತಿಯಲ್ಲಿತ್ತು. ನಾನು ಬಸವನ ಬಾಗೇವಾಡಿಯವಳಾದ್ದರಿಂದ ಎಲ್ಲರಿಗೂ ಬಾಗೇವಾಡಿ. ಕೆಳಗಿನ ಮಹಡಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದ ತೆಳ್ಳಗಿನ ಹುಡುಗಿ, ಅಂದು ಫೋನು ಮಾಡಿದ ಗೆಳತಿ, ಮುದ್ದೇಬಿಹಾಳ. ನನ್ನ ಕೋಣೆಯವಳು ಮಾತ್ರ ಬರೀ ಸಾಲೋಟಗಿ ಆಗಲಿಲ್ಲ, ಸಾಲೋಟಗಿ ಅಕ್ಕ ಆದಳು. ನಮಗಿಂತ ನಾಲ್ಕಾರು ವರ್ಷ ದೊಡ್ಡವಳು. ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದವಳು. ಸೋದರಮಾವನ ಮಗನಿಗೆ ಕೊಡುವುದೆಂದು ಚಿಕ್ಕಂದಿನಿಂದ ಆಡಿಕೊಂಡಿದ್ದ ಮಾತು ಮುರಿದು, ಆ ಹುಡುಗ ಬೇರೆ ಕಡೆ ಲಗ್ನವಾದ. ಮನೆಯವರಿಗೆ ಆಕೆಯ ಮುಖ ನೋಡಲು ಸಂಕೋಚವಾಗಿದ್ದ ಆ ದಿನಗಳಲ್ಲೇ ಆಕೆ ಅರ್ಜಿ ಹಾಕಿ ಬಂದಳಂತೆ. "ಲಗ್ನ ಮುರದದ್ದಕ್ಕ ಎಂ.ಕಾಂ. ಸಿಕ್ತು ನೋಡು" ಎನ್ನುತ್ತಿದ್ದಳು. ಹೇಳಿ ತಾನೇ ನಗುತ್ತಿದ್ದಳು. ನಾವು ನಗಬೇಕೋ ಬೇಡವೋ ತಿಳಿಯುತ್ತಿರಲಿಲ್ಲ.

ಮೊದಲ ವಾರವೇ ನನಗೆ ಆಕೆಯಿಂದ ಬೈಗುಳ ಬಿತ್ತು. ಕೋಣೆ ಗುಡಿಸುವಾಗ ನೀರಿನ ಕೊಡವನ್ನು ಮೂಲೆಯಿಂದ ಎತ್ತಿ ಬಾಗಿಲ ಬಳಿ ಇಟ್ಟಿದ್ದೆ. ಸಂಜೆ ಒಳಗೆ ಬಂದವಳು ಅದನ್ನು ಎಡವಿ, ಕೊಡ ಉರುಳಿ, ನೀರೆಲ್ಲ ನನ್ನ ಹಾಸಿಗೆಯ ಕೆಳಗೆ ಹರಿಯಿತು. ಬಾಗಿಲಲ್ಲಿ ಕೊಡ ಇಡುವವರು ಮನುಷ್ಯರೇನು ಎಂದು ಆಕೆ ಕೂಗಾಡಿದ್ದು ಇಡೀ ಮಹಡಿಗೆ ಕೇಳಿಸಿತು. ನಾನು ಅತ್ತೆ. ಆಕೆ ಕ್ಷಮೆ ಕೇಳಲಿಲ್ಲ. ಕೇಳುವ ಪೈಕಿಯೂ ಅಲ್ಲ. ರಾತ್ರಿ ಊಟದ ಹೊತ್ತಿಗೆ ಮನೆಯಿಂದ ತಂದಿದ್ದ ಖಡಕ್ ರೊಟ್ಟಿಯ ಗಂಟು ಬಿಚ್ಚಿ, ಒಂದನ್ನು ಮುರಿದು ಅರ್ಧ ನನ್ನ ತಾಟಿಗೆ ಹಾಕಿ, ಮೇಲೆ ಒಂದು ಚಮಚ ಶೇಂಗಾ ಚಟ್ನಿಪುಡಿ ಸುರಿದಳು. "ಇಟ್ಟದ್ದು ಇಟ್ಟಲ್ಲೇ ಇರಬೇಕು. ಅಷ್ಟ ನನ್ನ ಕಾನೂನು" ಎಂದಳು. ಅಂದಿನಿಂದ ಆ ಕೋಣೆಯಲ್ಲಿ ಚಪ್ಪಲಿಗೊಂದು ಜಾಗ, ಬಾಚಣಿಕೆಗೊಂದು ಜಾಗ, ಪುಸ್ತಕಕ್ಕೊಂದು ಜಾಗ. ಶಿಸ್ತಿನ ಹೆಂಗಸು ಎಂದುಕೊಂಡೆ.

ಓದುವ ಕ್ರಮವೂ ಹಾಗೇ ವಿಚಿತ್ರ. ಪುಸ್ತಕ ನನ್ನ ಕೈಗೆ ಕೊಟ್ಟು ಸಮಸ್ಯೆಯನ್ನು ಜೋರಾಗಿ ಓದು ಎನ್ನುತ್ತಿದ್ದಳು. ಒಂದು ಸಲ ಓದಿದರೆ ಸಾಲದು. ಎರಡನೆಯ ಸಲ ಓದುವಾಗ ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಆಮೇಲೆ ಹೇಳಿ ಬರೆಸಲು ಶುರು. ಯಾವ ಅಂಕಿ ಎಲ್ಲಿಗೆ, ಯಾವುದರಲ್ಲಿ ಯಾವುದನ್ನು ಕಳೆಯಬೇಕು, ಕೆಳಗೆ ಕೊಟ್ಟ ಹೊಂದಾಣಿಕೆಗಳಲ್ಲಿ ಯಾವುದು ಎರಡು ಕಡೆ ಬರಬೇಕು, ಎಲ್ಲವೂ ಬಾಯಲ್ಲೇ. ನಾನು ಬರೆಯುತ್ತ ಹೋಗುವುದು. ನನ್ನಿಂದ ದುಡಿಸಿಕೊಳ್ಳುತ್ತಾಳೆ ಎಂದು ಒಳಗೊಳಗೇ ಸಿಟ್ಟು ಬರುತ್ತಿತ್ತು. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಾಗ ನನ್ನ ಸಿಟ್ಟು ಇಳಿಯಿತು. ಬಿ.ಕಾಂ.ನಲ್ಲಿ ಅಕೌಂಟ್ಸ್ ಎಂದರೆ ಪುಸ್ತಕ ಮುಚ್ಚಿಡುತ್ತಿದ್ದ ನಾನು ಆ ವಿಷಯದಲ್ಲೇ ಎಲ್ಲಕ್ಕಿಂತ ಹೆಚ್ಚು ಅಂಕ ಪಡೆದಿದ್ದೆ. ಇಂದು ನಾನು ಹೊಟ್ಟೆಗೆ ಅನ್ನ ತಿನ್ನುತ್ತಿರುವುದು ಆ ಗೋಡೆಗೊರಗಿದ ಪಾಠದಿಂದ.

ಸಂಜೆಯಾದ ಮೇಲೆ ಆಕೆ ಹೊರಗೆ ಬರುತ್ತಿರಲಿಲ್ಲ. ನಾವೆಲ್ಲ ಗೇಟಿನ ಹೊರಗಿನ ಗಾಡಿಯಲ್ಲಿ ಮಿರ್ಚಿ ಭಜಿ ತಿನ್ನಲು ಹೋಗುವಾಗ, ನನಗೂ ತಂದು ಕೊಡ್ರಿ, ಸಂಜೆ ಹೊತ್ತು ಅಡ್ಡಾಡುವುದು ನನಗೆ ಸೇರುವುದಿಲ್ಲ ಎನ್ನುತ್ತಿದ್ದಳು. ಒಂದು ಚಳಿಗಾಲದಲ್ಲಿ ಪುಸ್ತಕ ಕೊಳ್ಳಲು ಊರೊಳಗೆ ಹೋಗಿದ್ದ ನಮಗೆ ಬಸ್ಸು ತಡವಾಯಿತು. ಗೇಟಿನ ಬಳಿ ಇಳಿದಾಗ ಹೊತ್ತು ಮುಳುಗಿ ಮಬ್ಬು ಕವಿದಿತ್ತು. ನಾನು ಮಾತಾಡುತ್ತ ಮುಂದೆ ನಡೆದೆ. ಉತ್ತರ ಬರಲಿಲ್ಲವೆಂದು ತಿರುಗಿ ನೋಡಿದರೆ ಆಕೆ ಬಸ್ಸಿಳಿದ ಜಾಗದಲ್ಲೇ ನಿಂತಿದ್ದಳು. ಮುಖ ನಾನಿರುವ ದಿಕ್ಕಿಗಿರಲಿಲ್ಲ.

"ಬಾಗೇವಾಡಿ, ಕೈ ಹಿಡಿ" ಎಂದಳು.

ಆಕೆಯ ಕೈ ತಣ್ಣಗಿತ್ತು. ಹಾಸ್ಟೆಲಿನ ದಾರಿಯುದ್ದಕ್ಕೂ ನನ್ನ ಬೆರಳುಗಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಕೋಣೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಹೇಳಿದಳು. ಸಣ್ಣವಳಿದ್ದಾಗಿನಿಂದ ಇರುಳುಗಣ್ಣು. ಕತ್ತಲಾದರೆ ಏನೂ ಕಾಣುವುದಿಲ್ಲ. ಬಿ.ಕಾಂ. ಓದುವಾಗ ಹಗಲಿನಲ್ಲೂ ಆಜೂಬಾಜಿನದು ಕಾಣದಂತಾಗಿ ಅಪ್ಪ ಮೀರಜಿನ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋಗಿ ತೋರಿಸಿದ್ದರು. ಇದಕ್ಕೆ ಔಷಧಿಯಿಲ್ಲ, ರಕ್ತಸಂಬಂಧದಲ್ಲಿ ಲಗ್ನವಾದವರ ಮಕ್ಕಳಿಗೆ ಹೆಚ್ಚು ಬರುತ್ತದೆ, ಬರಬರುತ್ತ ನೋಟ ಇನ್ನಷ್ಟು ಕಿರಿದಾಗುತ್ತದೆ ಎಂದು ಡಾಕ್ಟರು ಹೇಳಿದರು. "ಈಗ ಕೊಳವ್ಯಾಗಿಂದ ನೋಡಿದಾಂಗ ಕಾಣತೈತಿ. ನಿನ್ನ ಮೂಗು ಕಂಡ್ರ ಕಿವಿ ಕಾಣಂಗಿಲ್ಲ" ಎಂದಳು. ಮೀರಜಿನಿಂದ ವಾಪಸು ಬರುವಾಗ ಅಪ್ಪ ದಾರಿಯಲ್ಲಿ ಆಕೆಗೆ ಕೈತುಂಬ ಬಳೆ ಹಾಕಿಸಿದರಂತೆ. ಹಾಕಿಸಿ, ಇದನ್ನು ಯಾರ ಮುಂದೂ ಬಾಯಿ ಬಿಡಬೇಡ, ಹಿಂದೆ ತಂಗಿ ಇದ್ದಾಳೆ ಎಂದರಂತೆ. ಅಂದಿನಿಂದ ಆಕೆ ಬಾಯಿ ಬಿಟ್ಟಿರಲಿಲ್ಲ. ನನಗೂ ಬಾಯಿ ಬಿಡಬೇಡ ಎಂದಳು.

ಮರೆಮಾಚುವುದು ಎಷ್ಟು ದೊಡ್ಡ ದುಡಿಮೆ ಎಂಬುದು ಆಮೇಲೆ ಹತ್ತಿರದಿಂದ ನೋಡಿದಾಗ ತಿಳಿಯಿತು. ಕ್ಲಾಸಿನಲ್ಲಿ ಮೊದಲ ಬೆಂಚು, ಕಿಟಕಿಯ ಪಕ್ಕ. ಮೆಟ್ಟಿಲು ಇಳಿಯುವಾಗ ಯಾರೊಡನೆಯಾದರೂ ಹರಟುವ ನೆವ ಮಾಡಿ ಅವರ ಭುಜದ ಮೇಲೆ ಕೈ. ಎದುರಿಗೆ ಬಂದವರನ್ನು ಗುರುತಿಸದಿದ್ದರೆ ಸೊಕ್ಕಿನವಳು ಎನ್ನುತ್ತಿದ್ದರು. ಆಕೆ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಸೊಕ್ಕಿನವಳು ಎನ್ನಿಸಿಕೊಳ್ಳುವುದು ಕುರುಡಿ ಎನ್ನಿಸಿಕೊಳ್ಳುವುದಕ್ಕಿಂತ ಆಕೆಗೆ ಹಗುರವಾಗಿತ್ತು.

ಮೂರನೆಯ ಸೆಮಿಸ್ಟರಿನ ಕಾಸ್ಟಿಂಗ್, ಅಂದರೆ ವೆಚ್ಚದ ಲೆಕ್ಕದ, ಪರೀಕ್ಷೆಯ ದಿನ ಬೆಳಗಿನಿಂದಲೇ ಮೋಡ. ಪ್ರಶ್ನೆಪತ್ರಿಕೆ ಕೈಗೆ ಬಂದ ಹೊತ್ತಿಗೆ ಮಳೆ ಹಿಡಿದು ಕರೆಂಟು ಹೋಯಿತು. ನಮಗೆ ಅದೇನೂ ತೊಂದರೆಯಾಗಲಿಲ್ಲ. ಕಿಟಕಿಯಿಂದ ಬರುವ ಬೆಳಕು ಸಾಕಿತ್ತು. ಆಕೆ ನನ್ನ ಮುಂದಿನ ಸಾಲಿನಲ್ಲಿದ್ದಳು. ಪತ್ರಿಕೆಯನ್ನು ಮುಖದ ಹತ್ತಿರ ಹಿಡಿದದ್ದು ಕಂಡೆ, ಓರೆ ಮಾಡಿದ್ದು ಕಂಡೆ, ಕೆಳಗಿಟ್ಟದ್ದು ಕಂಡೆ. ಆಮೇಲೆ ಪೆನ್ನು ಹಿಡಿದು, ತಲೆ ಬಗ್ಗಿಸಿ, ಬರೆಯುವವಳಂತೆ ಕೂತಳು. ಪರೀಕ್ಷೆ ಮುಗಿಯುವವರೆಗೂ ಹಾಗೇ ಕೂತಿದ್ದಳು. ಎದ್ದು ಹೋದರೆ ಕಾರಣ ಕೇಳುತ್ತಾರಲ್ಲ. ಮಳೆ ನಿಂತು ಬೆಳಕು ಬರುವ ಹೊತ್ತಿಗೆ ಗಂಟೆ ಹೊಡೆಯಿತು. ಆಕೆ ಖಾಲಿ ಉತ್ತರಪತ್ರಿಕೆಯನ್ನು ಎಲ್ಲರ ಹಾಗೆ ಅಂಚು ಸರಿಮಾಡಿ ಕೊಟ್ಟು ಹೊರಗೆ ಬಂದಳು. ಕಾರಿಡಾರಿನಲ್ಲಿ ನಾನು ಹತ್ತಿರ ಹೋದರೆ, ಪೇಪರು ಸುಲಭವಿತ್ತೇನು ಎಂದು ಕೇಳಿದಳು. ಹೌದು ಎಂದೆ. "ನನಗೂ ಬರ್ತಿತ್ತು" ಎಂದಳು.

ಕಾಸ್ಟಿಂಗ್ ಕಲಿಸುತ್ತಿದ್ದ ಮೇಡಮ್ಮು ಕಟ್ಟುನಿಟ್ಟಿನ ಮನುಷ್ಯರು. ತರಗತಿಯಲ್ಲಿ ಎಲ್ಲಕ್ಕಿಂತ ಮೊದಲು ಉತ್ತರ ಹೇಳುವ ವಿದ್ಯಾರ್ಥಿನಿ ಬರಿಯ ಹಾಳೆ ಕೊಟ್ಟಿದ್ದು ತಿಳಿದು ಆಕೆಯನ್ನು ಕರೆಸಿದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಆಕೆ ಸುಳ್ಳು ಹೇಳಲು ನೋಡಿದಳು, ಹೊಟ್ಟೆನೋವು ಅಂದಳು. ಮೇಡಮ್ಮು ಮೇಜಿನ ಮೇಲಿದ್ದ ತಮ್ಮ ಕನ್ನಡಕವನ್ನು ಸದ್ದಿಲ್ಲದೆ ಮುಂದೆ ಚಾಚಿ, ಇದನ್ನು ಹಿಡಿ ಎಂದರಂತೆ. ಆಕೆಯ ಕೈ ಗಾಳಿಯಲ್ಲಿ ಬೇರೆ ಕಡೆ ಹೋಯಿತಂತೆ. ಆಮೇಲೆ ಅವರು ಬಹಳ ಹೊತ್ತು ಮಾತಾಡಿದರು. ಸರಕಾರಿ ದವಾಖಾನೆಯಿಂದ ಸರ್ಟಿಫಿಕೇಟು ತಂದರೆ ಬೇರೆಯವರಿಂದ ಬರೆಸಬಹುದು, ಅದು ಭಿಕ್ಷೆಯಲ್ಲ, ನಿನ್ನ ಹಕ್ಕು ಎಂದರು. ಆಕೆ ಹೊರಗೆ ಬಂದು, "ಊರಿಗೆ ಹೋಗೂಣು ನಡಿ. ಮೊದಲ ಅಪ್ಪಗ ಹೇಳತೇನಿ" ಎಂದಳು.

ಸಾಲೋಟಗಿಗೆ ನಾನು ಮೊದಲ ಸಲ ಹೋದದ್ದು ಆವಾಗ. ಊರ ಹೊರಗೆ ಅವರ ನಿಂಬೆ ತೋಟ, ಅಲ್ಲೇ ಮನೆ. ಅಪ್ಪ ಗಿಡದ ಕೆಳಗೆ ಕೂತು ಹಣ್ಣು ಆರಿಸಿ ಚೀಲಕ್ಕೆ ತುಂಬಿಸುತ್ತಿದ್ದರು. ತಲೆಯ ಮೇಲೆ ಬಿಳಿ ಟೊಪ್ಪಿಗೆ, ಮಿತವಾದ ಮಾತು. ಮಗಳು ನಿಂತುಕೊಂಡೇ ಎಲ್ಲ ಹೇಳಿದಳು. ಅವರು ಹಣ್ಣು ಆರಿಸುವುದನ್ನು ನಿಲ್ಲಿಸಲಿಲ್ಲ. ಚಿಕ್ಕ ಮಗಳಿಗೆ ತಾಂಬಾ ಎಂಬ ಊರಿನ ಒಂದು ಮನೆತನದಲ್ಲಿ ಮಾತಾಗಿತ್ತು. ಬಸವ ಜಯಂತಿ ಆದ ಮೇಲೆ ಲಗ್ನ ಎಂದು ಎರಡೂ ಕಡೆಯವರು ಒಪ್ಪಿದ್ದರು.

"ಇನ್ನೊಂದು ವರ್ಷ ತಡಿ. ಸಣ್ಣಾಕಿದು ಮುಗೀಲಿ, ಆಮ್ಯಾಲ ಊರ ತುಂಬ ಡಂಗುರ ಸಾರು" ಎಂದರು.

ಪರೀಕ್ಷೆ ತಡೆಯುವುದಿಲ್ಲ, ಕಣ್ಣೂ ತಡೆಯುವುದಿಲ್ಲ ಎಂದಳು ಆಕೆ. ಆಗ ಅವರು ಹಣ್ಣು ಕೆಳಗಿಟ್ಟರು. "ನೀ ಹೋದ್ರ ತಿರುಗಿ ಬರಬ್ಯಾಡ ಅಂತ ನಾ ಅನ್ನೂದಿಲ್ಲ. ನೀ ನನ್ನ ಮಗಳು. ಆದ್ರ ನಾಳೆ ಈ ಮನಿ ಬಾಗಲಕ್ಕ ಹೆಣ್ಣು ಕೇಳಾಕ ಯಾರು ಬರತಾರ, ಅದೊಂದ ಹೇಳಿ ಹೋಗು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಆಕೆಗೆ ಸುಲಭವಾಗುತ್ತಿತ್ತು.

ತಂಗಿ ನಮಗೆ ಚಹಾ ತಂದಳು. ಹೊಸದಾಗಿ ಹೊಲಿಸಿದ ಕುಪ್ಪಸಗಳನ್ನು ನನಗೆ ತೋರಿಸಿದಳು. ಹೊರಗೆ ನಡೆದದ್ದು ಅವಳಿಗೆ ಕೇಳಿಸಿತ್ತೋ ಇಲ್ಲವೋ ತಿಳಿಯಲಿಲ್ಲ. ಅವಳನ್ನು ಯಾರೂ ಏನೂ ಕೇಳಲಿಲ್ಲ. ಆ ರಾತ್ರಿ ಅಲ್ಲೇ ಉಳಿದೆವು. ಬೆಳಗ್ಗೆ ಬಸ್ಸು ಇಂಡಿ ದಾಟಿತು. ಆಮೇಲೆ ಅಕ್ಕ ಒಮ್ಮೆಲೇ, "ನಡಿ, ದವಾಖಾನಿಗೆ ಹೋಗೂಣು" ಎಂದಳು.

ಸರ್ಟಿಫಿಕೇಟು ಬಂತು. ಹದಿನೈದು ದಿನಗಳೊಳಗೆ ತಾಂಬಾದವರಿಗೂ ಸುದ್ದಿ ಮುಟ್ಟಿತು. ಅವರು ಜಗಳವಾಡಲಿಲ್ಲ, ಈ ಸಂಬಂಧ ಬೇಡವೆಂದು ಊರಿನ ಹಿರಿಯರೊಬ್ಬರ ಕೈಯಲ್ಲಿ ಹೇಳಿ ಕಳಿಸಿದರು, ಅಷ್ಟೇ. ತಂಗಿ ಅಕ್ಕನೊಡನೆ ಮಾತು ಬಿಟ್ಟಳು. ಆಕೆ ಹಬ್ಬಕ್ಕೆ ಹೋದರೆ ತಂಗಿ ಒಳಗಿನ ಕೋಣೆ ಸೇರುತ್ತಿದ್ದಳು. ನಿಧಾನಕ್ಕೆ ಆಕೆ ಹಬ್ಬಕ್ಕೆ ಹೋಗುವುದನ್ನೇ ಬಿಟ್ಟಳು. ಹಾಸ್ಟೆಲಿನ ಹುಡುಗಿಯರೆಲ್ಲ ಊರಿಗೆ ಹೋದಾಗ ಖಾಲಿ ಮಹಡಿಯಲ್ಲಿ ಒಬ್ಬಳೇ ಇರುತ್ತಿದ್ದಳು.

ಬರೆದುಕೊಡುವವರು ಕಾಮರ್ಸ್ ಓದಿದವರಾಗಿರಬಾರದು ಎಂಬ ನಿಯಮ. ಹಾಗಾಗಿ ನಾನು ಆಗುವಂತಿರಲಿಲ್ಲ. ಕನ್ನಡ ಓದುತ್ತಿದ್ದ ಮುದ್ದೇಬಿಹಾಳ ಬಂದಳು. ಅವಳಿಗೆ ಡೆಬಿಟ್ಟು ಕ್ರೆಡಿಟ್ಟು ಎರಡೂ ಒಂದೇ. ಹಾಳೆಯ ನಡುವೆ ಗೀಟು ಹಾಕು ಎಂದರೆ ಅಡ್ಡಗೀಟು ಹಾಕುತ್ತಿದ್ದಳು. ಹಾಸ್ಟೆಲಿನ ಹಿಂದಿನ ಬೇವಿನ ಮರದ ಕೆಳಗೆ ತಿಂಗಳುಗಟ್ಟಲೆ ಅಭ್ಯಾಸ ನಡೆಯಿತು. ಎಡಕ್ಕೆ ಬರಿ, ಬಲಕ್ಕೆ ಬರಿ, ಕೆಳಗೆ ಜಾಗ ಬಿಡು, ಅಂಕಿ ಒಂದರ ಕೆಳಗೊಂದು ನೆಟ್ಟಗೆ ಬರಲಿ. ಪರೀಕ್ಷೆಯ ಹೊತ್ತಿಗೆ ಮುದ್ದೇಬಿಹಾಳ ನಿದ್ದೆಯಲ್ಲೂ ಕೋಷ್ಟಕ ಹಾಕುವಂತಾಗಿದ್ದಳು. ಅಕ್ಕ ಉಳಿದಿದ್ದ ಕಾಸ್ಟಿಂಗನ್ನೂ ಸೇರಿಸಿ ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಿದಳು. ಪ್ರಥಮ ದರ್ಜೆ. ಪದವಿ ಪ್ರದಾನಕ್ಕೆ ಮನೆಯಿಂದ ಯಾರೂ ಬರಲಿಲ್ಲ. ವೇದಿಕೆಯ ಮೆಟ್ಟಿಲಿನವರೆಗೆ ಕೈ ಹಿಡಿದದ್ದು ನಾನು, ಇಳಿಯುವ ಮೆಟ್ಟಿಲಲ್ಲಿ ಮುದ್ದೇಬಿಹಾಳ.

ಆಮೇಲೆ ನೆಟ್ ಪರೀಕ್ಷೆಯನ್ನೂ ಹಾಗೇ ಬರೆಸಿ ಪಾಸಾದಳು. ಗೆಳತಿಯ ಮನೆಯವರೇ ಮುಂದೆ ನಿಂತು ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಗುವಂತೆ ಮಾಡಿ, ತಮ್ಮ ಓಣಿಯಲ್ಲೇ ಒಂದು ಬಾಡಿಗೆ ಮನೆ ನೋಡಿಕೊಟ್ಟರು. ಆ ಕೆಲಸ ವರ್ಷ ವರ್ಷ ಮುಗಿಯುವಂಥದ್ದು, ಮತ್ತೆ ಕರೆದರೆ ಉಂಟು. ಆಕೆಯನ್ನು ಪ್ರತಿ ವರ್ಷ ಕರೆದರು. ಅಷ್ಟರಲ್ಲಿ ಕಣ್ಣಲ್ಲಿ ಉಳಿದಿದ್ದ ಬೆಳಕೂ ಹೋಗಿತ್ತು.

ಒಂದು ಸಲ ಆಕೆಯ ಕ್ಲಾಸಿನಲ್ಲಿ ಹಿಂದೆ ಕೂತು ನೋಡಿದ್ದೇನೆ. ಯಾರನ್ನಾದರೂ ಬೋರ್ಡಿಗೆ ಕರೆಯುವುದು, ತಾನು ಕಿಟಕಿಗೆ ಬೆನ್ನು ಕೊಟ್ಟು ನಿಂತು ಹೇಳಿ ಬರೆಸುವುದು. ಇಡೀ ಸಮಸ್ಯೆ ಬಾಯಲ್ಲಿ. ಬೋರ್ಡಿನ ಮುಂದಿದ್ದ ಹುಡುಗಿ ಕೊನೆಯ ಮೊತ್ತ ಬರೆದು ನಿಂತಳು. "ಮೊತ್ತದ ಕೆಳಗ ಎರಡು ಗೀಟು ಹಾಕಬೇಕು. ನನಗ ಒಂದ ಸಪ್ಪಳ ಕೇಳ್ತು" ಎಂದಳು ಅಕ್ಕ. ಕ್ಲಾಸೆಲ್ಲ ನಕ್ಕಿತು. ಆಕೆ ನಗಲಿಲ್ಲ, ಹುಡುಗಿ ಎರಡನೆಯ ಗೀಟು ಎಳೆಯುವವರೆಗೆ ಕಾದಳು. ಆ ವರ್ಷದ ಬೀಳ್ಕೊಡುಗೆ ಸಮಾರಂಭದಲ್ಲಿ ಅತಿಥಿಯೊಬ್ಬರು, ಜೀವನವೆಂದರೆ ಒಂದು ಬ್ಯಾಲೆನ್ಸ್ ಶೀಟು, ಸುಖದುಃಖ ಎರಡೂ ಕಡೆ ಸಮ ಎಂದು ಬಹಳ ಚೆನ್ನಾಗಿ ಮಾತಾಡಿದರು. ಪಕ್ಕದಲ್ಲಿ ಕೂತಿದ್ದ ಅಕ್ಕ ನನ್ನ ಕಿವಿಯಲ್ಲಿ ಹೇಳಿದ್ದು: "ಹಿಂಗ ಭಾಷಣ ಮಾಡಾವ್ರು ಯಾರೂ ಬ್ಯಾಲೆನ್ಸ್ ಶೀಟು ಮಾಡಿರೂದಿಲ್ಲ." ಲೆಕ್ಕದಿಂದ ಬದುಕಿಗೆ ಪಾಠ ತೆಗೆಯುವುದು ಆಕೆಗೆ ಆಗುತ್ತಿರಲಿಲ್ಲ. ಲೆಕ್ಕ ಲೆಕ್ಕವೇ. ಅದು ಸರಿಯಾಗಿ ಬಂದರೆ ಸಂತೋಷ, ಅಷ್ಟೇ.

ಫೋನು ಬರಹವನ್ನು ಓದಿ ಹೇಳುವ ಕಾಲ ಬಂದ ಮೇಲೆ ಆಕೆಗೆ ಯಾರ ಹಂಗೂ ಬೇಡವಾಯಿತು. ಅದರ ದನಿಯನ್ನು ಎಷ್ಟು ವೇಗಕ್ಕೆ ಇಟ್ಟುಕೊಂಡಿದ್ದಳೆಂದರೆ ನನಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ಜಿಎಸ್‌ಟಿ ಪಾಠಕ್ಕೆ ಬಂದಾಗ ನಾನು ಆಕೆಗೆ ಫೋನು ಮಾಡಿ ಕೇಳಿ ಕಲಿತೆ. ಲಾಕ್‌ಡೌನಿನಲ್ಲಿ ನಾವೆಲ್ಲ ಫೋನಿನ ಮುಂದೆ ಕೂತು ಲೆಕ್ಕ ಕಲಿಸಲು ಒದ್ದಾಡುವಾಗ ಆಕೆಗೆ ಏನೂ ಬದಲಾಗಲಿಲ್ಲ.

ತಂಗಿಗೆ ಎಷ್ಟೋ ವರ್ಷ ತಡವಾಗಿ ಸೊಲ್ಲಾಪುರದ ಕಡೆ ಲಗ್ನವಾಯಿತು. ಅಕ್ಕನನ್ನು ಕರೆದಿದ್ದರು, ಆದರೆ ಆಕೆ ಹೋಗಲಿಲ್ಲ. ಹಂದರದಲ್ಲಿ ತಡವರಿಸಿಕೊಂಡು ನಿಂತರೆ ತಂಗಿಗೆ ಮತ್ತೆ ನೋವು ಎಂದುಕೊಂಡಳು. ಎರಡು ಮೂರು ವರ್ಷಗಳಲ್ಲಿ ತಂಗಿಗೂ ಅದೇ ಶುರುವಾಯಿತು. ಮೊದಲು ಸಂಜೆ, ಆಮೇಲೆ ಹಗಲು. ಒಂದು ದಿನ ಕಾಯಿಸಿದ ಹಾಲಿನ ಪಾತ್ರೆ ಹಿಡಿದು ಹೊಸ್ತಿಲು ಎಡವಿ ಕೈ ಸುಟ್ಟುಕೊಂಡಳು. ಗಂಡನ ಮನೆಯವರು ಉಪಚಾರಕ್ಕೆಂದು ತವರಿಗೆ ಕಳಿಸಿದರು. ಮತ್ತೆ ಕರೆಯಲು ಬರಲಿಲ್ಲ.

ಅಪ್ಪ ಫೋನು ಮಾಡಿದ ದಿನವೇ ಅಕ್ಕ ಗೆಳತಿಯನ್ನು ಜೊತೆ ಮಾಡಿಕೊಂಡು ಸಾಲೋಟಗಿಗೆ ಹೊರಟಳು. ತಂಗಿ ಒಳಗಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳಂತೆ. ಅಕ್ಕ ಹಾಸಿಗೆಯ ಅಂಚು ತಡವಿ ಕೂತು, ಸಮಾಧಾನ ಹೇಳಲಿಲ್ಲ, ಅಳಲಿಲ್ಲ. "ನನ್ನ ಮನ್ಯಾಗ ಎಲ್ಲಾ ಇಟ್ಟಲ್ಲೇ ಇರತಾವ. ನಡಿ" ಎಂದಳು. ತಂಗಿ ಎದ್ದು ಬಂದಳು. ಬಂದಳೇ ಹೊರತು ಮಾತಾಡಲಿಲ್ಲ.

ಮುದ್ದೇಬಿಹಾಳದ ಆ ಎರಡು ಕೋಣೆಗಳ ಮನೆಯಲ್ಲಿ ಅಕ್ಕತಂಗಿಯರಿಬ್ಬರೂ ಮಳೆಗಾಲವೊಂದನ್ನು ಮಾತಿಲ್ಲದೆ ಕಳೆದರು. ಅಕ್ಕ ಒಲೆ ಹಚ್ಚುವುದು ಹೇಗೆ, ಬೆರಳಿನಲ್ಲಿ ನೀರು ಅಳೆಯುವುದು ಹೇಗೆ, ಕೋಲಿನ ಸದ್ದಿನಿಂದ ಗಟಾರ ತಿಳಿಯುವುದು ಹೇಗೆ ಎಂದು ಹೇಳುವಳು, ತಂಗಿ ಮಾಡುವಳು. ಸಂಜೆ ಓಣಿಯ ಹುಡುಗಿಯರು ಟ್ಯೂಶನ್ನಿಗೆ ಬರುತ್ತಿದ್ದರು. ಒಂದು ಸಂಜೆ ಆಕೆ ಟ್ರೇಡಿಂಗ್ ಅಕೌಂಟ್ ಹೇಳಿ ಬರೆಸುತ್ತಿದ್ದಾಗ ಅಡಿಗೆಮನೆಯಿಂದ ದನಿ ಬಂತು: "ಅಕ್ಕಾ, ಓಪನಿಂಗ್ ಸ್ಟಾಕ್ ಬಿಟ್ಟಿ." ಹತ್ತು ವರ್ಷಕ್ಕೂ ಮೇಲಾದ ಮೇಲೆ ತಂಗಿಯ ಬಾಯಿಂದ ಬಂದ ಮೊದಲ ಮಾತು ಅದು. ಅಕ್ಕ, "ಹೌದು, ಬಿಟ್ಟೆ. ಸೇರಿಸ್ಕೋರಿ" ಎಂದು ಮುಂದುವರಿಸಿದಳು. ನಿಜವಾಗಿ ಮರೆತಿದ್ದೆಯೋ, ಬೇಕೆಂದೇ ಬಿಟ್ಟೆಯೋ ಎಂದು ನಾನು ಎಷ್ಟೋ ಸಲ ಕೇಳಿದೆ. "ಮರತಿದ್ದೆ" ಎನ್ನುತ್ತಿದ್ದಳು. ಆ ಲೆಕ್ಕದ ಮೊದಲ ಸಾಲಿಗೇ ಬರುವ ಓಪನಿಂಗ್ ಸ್ಟಾಕ್ ಮರೆಯುವ ಹೆಂಗಸಲ್ಲ ಆಕೆ.

ಆ ಮನೆಯಲ್ಲಿ ಅವರು ಚೆನ್ನಾಗಿದ್ದರು. ನಾನು ಹೋದಾಗಲೆಲ್ಲ ಇಬ್ಬರೂ ಜಗಳವಾಡುತ್ತ, ಉಪ್ಪು ಹೆಚ್ಚಾಯಿತು ಕಡಿಮೆಯಾಯಿತು ಎನ್ನುತ್ತ ಇರುತ್ತಿದ್ದರು. ಅದನ್ನು ನೋಡಿ ಬಂದ ರಾತ್ರಿ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಎದೆಯಲ್ಲಿ ಗಂಟಾಗಿರುವುದು ಅಕ್ಕನಿಗೆ ಯಾವಾಗ ತಿಳಿಯಿತೋ ಯಾರಿಗೂ ಗೊತ್ತಿಲ್ಲ. ಕೈಯಿಂದಲೇ ಲೋಕ ನೋಡುತ್ತಿದ್ದವಳಿಗೆ ಬೇಗನೇ ತಿಳಿದಿರಬೇಕು. ಆಕೆ ಹೇಳಲಿಲ್ಲ. ದವಾಖಾನೆಯಲ್ಲಿ ಮಲಗಿದರೆ ಈ ವರ್ಷದ ಕೆಲಸ ಬೇರೆಯವರ ಪಾಲಾಗುತ್ತದೆ, ತಂಗಿ ಹೆದರುತ್ತಾಳೆ, ಸೆಮಿಸ್ಟರ್ ಮುಗಿಯಲಿ ಎಂದುಕೊಂಡಿದ್ದಳು. ಸೆಮಿಸ್ಟರ್ ಮುಗಿಯುವ ಮೊದಲೇ ಕ್ಲಾಸಿನಲ್ಲಿ ಬಿದ್ದಳು. ವಿಜಯಪುರದಲ್ಲಿ ತೋರಿಸಿದಾಗ ಡಾಕ್ಟರು ಮನೆಯವರನ್ನು ಹೊರಗೆ ಕರೆದು ಮಾತಾಡಿದರು.

ನಾನು ದವಾಖಾನೆಗೆ ನೋಡಲು ಹೋದಾಗ ಆಕೆ ದಿಂಬಿಗೆ ಒರಗಿ ಕೂತಿದ್ದಳು. ನನ್ನ ಹೆಜ್ಜೆ ಗುರುತಿಸಿ, "ಬಾಗೇವಾಡಿ ಬಂದ್ಳು" ಎಂದಳು. ಒಂದಿಷ್ಟು ಅದೂ ಇದೂ ಮಾತಾದ ಮೇಲೆ, ನನ್ನ ಮುಖ ಹೇಗಾಗಿದೆ ನೋಡಿ ಹೇಳು ಎಂದಳು. ತನ್ನ ಮುಖವನ್ನು ಆಕೆ ಕಂಡು ಬಹಳ ವರ್ಷಗಳಾಗಿದ್ದವು. ಕೆನ್ನೆ ಒಳಗೆ ಹೋಗಿತ್ತು, ಹಣೆಯ ಎಲುಬು ಎದ್ದಿತ್ತು. "ಹಂಗ ಐತಿ ಅಕ್ಕಾ, ಏನೂ ಆಗಿಲ್ಲ" ಎಂದೆ.

"ನೀ ಸುಳ್ಳ ಹೇಳಾಕತ್ತಿ ಅಂದ್ರ, ಭಾಳ ಆಗೇತಿ" ಎಂದಳು.

ಅದೇ ಆಕೆ ನನ್ನೊಡನೆ ಆಡಿದ ಕೊನೆಯ ಮಾತು. ನಾನು ಕೈ ಹಿಡಿದುಕೊಂಡೆ. ನರ್ಸು ಬಂದು ಹೊರಗೆ ಕಳಿಸುವವರೆಗೆ ಹಿಡಿದುಕೊಂಡಿದ್ದೆ.

ಸಾಲೋಟಗಿಗೆ ನಾನು ತಲುಪುವ ಹೊತ್ತಿಗೆ ಮುದ್ದೇಬಿಹಾಳದಿಂದ ಗೆಳತಿಯೂ ಅಕ್ಕನ ವಿದ್ಯಾರ್ಥಿನಿಯರೂ ಟೆಂಪೋ ಮಾಡಿಕೊಂಡು ಬಂದಿದ್ದರು. ತೋಟದ ಒಂದು ಅಂಚಿನಲ್ಲಿ ಮಣ್ಣು ಮಾಡಿದರು. ತಂಗಿ ಅಳದೆ ನಿಂತಿದ್ದಳು. ನಾನು ಹತ್ತಿರ ಹೋಗಿ ಭುಜ ಹಿಡಿದೆ. ಅವಳು ನಿಧಾನಕ್ಕೆ, ಸಿಟ್ಟು ಅಲ್ಲದ, ಆದರೆ ಸಿಟ್ಟಿಗಿಂತ ಭಾರವಾದ ದನಿಯಲ್ಲಿ ಹೇಳಿದಳು: "ಕಣ್ಣಿನ ಸುದ್ದಿಗೆ ಬಾಯಿ ಮುಚ್ಚುವಾಗ ನನ್ನ ಕೇಳಲಿಲ್ಲ, ತೆರೆಯುವಾಗ ನನ್ನ ಕೇಳಲಿಲ್ಲ. ಈಗ ಗಂಟಿನ ಸುದ್ದಿಗೂ ಮತ್ತ ಅದನ್ನ ಮಾಡಿದ್ಳು. ನನ್ನ ಸಲುವಾಗಿ, ನನ್ನ ಸಲುವಾಗಿ ಅಂದ್ಳು. ಒಮ್ಮೆರೆ ನನ್ನ ಕೇಳಬೇಕಿತ್ತು." ಅವಳು ಹೇಳಿದ್ದು ನಿಜವಾಗಿತ್ತು. ಅಕ್ಕನನ್ನು ಅಷ್ಟು ಪ್ರೀತಿಸಿದ ನನಗೂ ಅದು ನಿಜವೆಂದು ಕಂಡಿತು.

ಜನ ಕರಗಿದ ಮೇಲೆ ನಾವು ಮೂವರು ಬದುವಿನ ಮೇಲೆ ಕೂತಿದ್ದೆವು, ಅಪ್ಪ, ತಂಗಿ, ನಾನು. ವಿದ್ಯಾರ್ಥಿನಿಯರು ಗೆಳತಿಯ ಜೊತೆ ಟೆಂಪೋ ಹತ್ತುವ ಮೊದಲು ಒಬ್ಬೊಬ್ಬರಾಗಿ ಬಂದು ಅಪ್ಪನ ಕಾಲು ಮುಟ್ಟಿ ಹೋಗಿದ್ದರು. ಅಪ್ಪನಿಗೆ ಅದರಿಂದ ಕಸಿವಿಸಿಯಾಗಿತ್ತು. ಟೆಂಪೋ ಮರೆಯಾಗುವವರೆಗೆ ರಸ್ತೆ ನೋಡಿ, ಆಮೇಲೆ ನನ್ನನ್ನು ಕೇಳಿದರು, "ಅವ್ವಾ, ಈಕಿ ಏನ ಕಲಸ್ತಿದ್ಳು ಇವರಿಗೆ?"

ಅಕೌಂಟ್ಸು ಕಾಕಾ, ಲೆಕ್ಕಪತ್ರ ಎಂದೆ. ಅವರು ತಲೆಯಾಡಿಸಿದರು. ಅದು ಗೊತ್ತಿತ್ತು, ಅವರು ಕೇಳಿದ್ದು ಅದಲ್ಲ ಎಂದು ನನಗೂ ತಿಳಿಯಿತು. "ಇಷ್ಟ ವರ್ಷ ಆತು. ಒಮ್ಮೆ ಹೋಗಿ ಹಿಂದ ಕುಂತು ಕೇಳಬೇಕಾಗಿತ್ತು" ಎಂದರು.

ಆಗ ತಂಗಿ ಬಾಯಿ ತೆರೆದಳು. ಪ್ರತಿ ವರ್ಷ ಮೊದಲ ದಿನ ಅಕ್ಕ ಮಾಡುತ್ತಿದ್ದ ಪಾಠ ಒಂದೇ, ಮನೆಗೆ ಬರುವ ಟ್ಯೂಶನ್ನಿನ ಹುಡುಗಿಯರಿಗೂ ಅದೇ, ಅಡಿಗೆಮನೆಯಲ್ಲಿ ಕೂತು ಕೇಳಿ ಕೇಳಿ ತನಗೆ ಬಾಯಿಪಾಠವಾಗಿದೆ ಎಂದಳು. ಅಪ್ಪನ ದನಿ ಬಂದ ಕಡೆಗೆ ತಿರುಗಿ ಕೂತು ಶುರು ಮಾಡಿದಳು. ಅಕ್ಕನ ಹಾಗೇ ನಿಲ್ಲಿಸಿ ನಿಲ್ಲಿಸಿ ಹೇಳಿದಳು.

"ಸಾಲೋಟಗ್ಯಾಗ ಒಬ್ಬಾಂವ ರೈತ ಅದಾನ. ಟೊಪ್ಪಿಗಿ ಹಾಕ್ತಾನ, ಭಾಳ ಮಾತಾಡಂಗಿಲ್ಲ. ತನ್ನ ತ್ವಾಟದ ನಿಂಬಿಹಣ್ಣು ಮಾರಾಕ ಇಂಡ್ಯಾಗ ಒಂದು ಅಂಗಡಿ ಇಟ್ಟಾನ ಅಂತ ತಿಳ್ಕೋರಿ. ಅಂಗಡಿ ಅವನದ. ಆದ್ರ ಲೆಕ್ಕ ಬರಿಯುವಾಗ ಅಂಗಡಿ ಬ್ಯಾರೆ, ಅವ ಬ್ಯಾರೆ. ಸಂಜಿಮುಂದ ಮಗಳಿಗೆ ಉಪ್ಪಿನಕಾಯಿಗೆ ಅಂತ ಒಂದ ಪುಟ್ಟಿ ಹಣ್ಣು ಮನಿಗೆ ಒಯ್ದ ಅಂದ್ರ, ಅದನ್ನೂ ಬರೀಬೇಕು."

ಅಪ್ಪ ನಿಂಬೆ ಗಿಡಗಳ ಕಡೆ ನೋಡಿದರು. ಆಮೇಲೆ, "ಮಗಳಿಗೆ ಒಯ್ದದ್ದನ್ನೂ ಬರೀಬೇಕೇನು?" ಎಂದು ಕೇಳಿದರು.

"ಬರೀಬೇಕಪ್ಪಾ" ಎಂದಳು ತಂಗಿ.

ಅವರು ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬಸ್ಸಿನ ಹೊತ್ತಾಗಿದ್ದರೂ ನಾನು ಏಳಲಿಲ್ಲ.

"ಮುಂದ ಹೇಳು" ಎಂದರು.